ಅಟ್ಟದ ಜ್ಯೂಸರ್ ರಿಪೇರಿ, ಅಪ್ಪನ ಲೋಟದ ಲೆಕ್ಕ: ಮಾರ್ಚ್ 9ರಿಂದ ಮೇ 11ರವರೆಗೆ

ಅಪ್ಪನಿಗೆ 76 ವರ್ಷ. ಫೆಬ್ರವರಿಯಲ್ಲಿ ಉಳಿದಿದ್ದ ಒಂಬತ್ತು ಹಲ್ಲನ್ನೂ ತೆಗೆಸಿದೆವು. ಒಸಡು ಮಾಗಿ ಹಲ್ಲಿನ ಸೆಟ್ಟು ಕೂರಿಸಲು ಎರಡೂವರೆ ಮೂರು ತಿಂಗಳಾದರೂ ಬೇಕು ಅಂದರು ಡಾಕ್ಟರು. ಅಲ್ಲಿಯವರೆಗೆ ಊರಲ್ಲಿ ಒಬ್ಬರೇ ಇರುವುದು ಬೇಡ ಅಂತ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ನಮ್ಮನೆಗೆ ಕರೆದುಕೊಂಡು ಬಂದೆ.

ಗಂಜಿ, ಮಜ್ಜಿಗೆ ಅನ್ನ, ಮೆತ್ತಗಿನ ಇಡ್ಲಿ. ಹದಿನೈದು ದಿನ ಇದೇ ಆಯಿತು. ಹಣ್ಣು ತರಕಾರಿ ಹೊಟ್ಟೆಗೆ ಹೋಗುವುದು ಹೇಗೆ? ಜ್ಯೂಸ್ ಮಾಡಿ ಕೊಡು ಅಂತ ಕಂಡವರೆಲ್ಲ ಹೇಳಿದರು. ಅಟ್ಟದ ಮೇಲೆ ಗೃಹಪ್ರವೇಶಕ್ಕೆ ಬಂದಿದ್ದ ಜ್ಯೂಸರ್ ಮಿಕ್ಸಿ ಇತ್ತು. 500 ವಾಟ್‌ನದು, ಎರಡು ಜಾರು, ಜೊತೆಗೆ ಜಾಲರಿ ಬುಟ್ಟಿ ತಿರುಗುವ ಜ್ಯೂಸರ್ ಭಾಗ. ಕೆಟ್ಟು ಐದು ವರ್ಷ ಆಗಿತ್ತು. ಅಂಗಡಿಯಲ್ಲಿ ವಿಚಾರಿಸಿದರೆ ರಿಪೇರಿಗೆ 1,400 ರೂಪಾಯಿ ಅಂದರು. ನಿಧಾನಕ್ಕೆ ಹಿಂಡುವ ಹೊಸ ನಮೂನೆಯ ಜ್ಯೂಸರಿಗೆ 12,000. ನಾನೇ ಬಿಚ್ಚಿ ನೋಡುವುದು ಅಂತ ತೀರ್ಮಾನ ಮಾಡಿದೆ. ಕೆಳಗಿರುವುದೆಲ್ಲ ಆ ಎರಡು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದು.

1. ಮಾರ್ಚ್ 9: ಬಿಚ್ಚಿದ್ದು

ಇಟ್ಟುಕೊಂಡ ಸಾಮಾನು: ಸ್ಟಾರ್ ಸ್ಕ್ರೂ ಡ್ರೈವರ್, ಚಪ್ಪಟೆ ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ಹಳೆ ಟೂತ್ ಬ್ರಷ್, ಸ್ಕೇಲು, ಒಣ ಬಟ್ಟೆ. ಪ್ಲಗ್ ತೆಗೆದು ವೈರನ್ನು ಸುತ್ತಿ ಕಣ್ಣೆದುರಿಗೇ ಇಟ್ಟುಕೊಂಡೆ. ಯಾರೋ ಬಂದು ಸಿಕ್ಕಿಸಿಬಿಡುವ ಭಯ ಬೇಡ.

ಬಿಚ್ಚುವ ಮುಂಚೆ ಒಂದು ಸಲ ಹಾಕಿ ನೋಡಿದ್ದೆ. ಮೋಟಾರ್ ಗುಂಯ್ ಅನ್ನುತ್ತಿತ್ತು, ತಡೆದು ತಡೆದು ತಿರುಗುತ್ತಿತ್ತು. ಗಾಳಿ ಕಿಂಡಿಯಲ್ಲಿ ನೀಲಿ ಕಿಡಿ, ಸುಟ್ಟ ವಾಸನೆ. ತಳದ ನಾಲ್ಕು ಸ್ಕ್ರೂ ತೆಗೆದು, ಪ್ರತಿ ವೈರಿನ ಜಾಗವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದೆ. ಒಳಗೆ ತೆಂಗಿನಕಾಯಿ ಹಾಲು ಸೋರಿ ಒಣಗಿದ ಕಂದು ಪದರ, ಅದರ ಮೇಲೆ ಧೂಳು. ಟೂತ್ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಲು ನಲವತ್ತು ನಿಮಿಷ ಹಿಡಿಯಿತು.

ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಎರಡೂ ಸವೆದಿದ್ದವು. ಒಂದು 7 ಮಿ.ಮೀ., ಇನ್ನೊಂದು 9 ಮಿ.ಮೀ. ಉಳಿದಿತ್ತು. ಹೊಸದು ಇದಕ್ಕಿಂತ ತುಂಬಾ ಉದ್ದ ಇರುತ್ತದೆ. ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ, ಕಪ್ಪಾಗಿತ್ತು, ಆದರೆ ಸುಟ್ಟಿರಲಿಲ್ಲ. ಮೋಟಾರಿನ ತಿರುಗುವಿಕೆಯನ್ನು ಜಾರಿಗೆ ದಾಟಿಸುವ ಮೇಲಿನ ಕಪ್ಲರ್‌ನ ಹಲ್ಲುಗಳು ದುಂಡಗಾಗಿದ್ದವು.

2. ಮಾರ್ಚ್ 10–12: ಕಾರ್ಬನ್ ಬ್ರಷ್, ಮೊದಲ ತಪ್ಪು

ಗಾಂಧಿ ಬಜಾರಿನ ಹತ್ತಿರ ಬಿಡಿಭಾಗದ ಅಂಗಡಿಗೆ ಹೋಗಿ "500 ವಾಟ್ ಮಿಕ್ಸಿಗೆ ಕಾರ್ಬನ್ ಕೊಡಿ" ಅಂದೆ. 30 ರೂಪಾಯಿಗೆ ಒಂದು ಜೊತೆ ಕೊಟ್ಟರು. ಮನೆಗೆ ಬಂದು ಹಾಕಿದರೆ ಗೂಡಿನಲ್ಲಿ ಬಿಗಿ. ಅರ್ಧ ಮಿ.ಮೀ. ದಪ್ಪ ಜಾಸ್ತಿ ಇತ್ತು. ಎಮರಿ ಪೇಪರಿನಲ್ಲಿ ತಿಕ್ಕಿ ಸಣ್ಣ ಮಾಡಿದೆ. ಒಂದು ಬದಿ ಜಾಸ್ತಿ ತಿಕ್ಕಿದ್ದಕ್ಕೆ ಬ್ರಷ್ ಓರೆಯಾಗಿ ಕೂತು, ಮೊದಲಿಗಿಂತ ದೊಡ್ಡ ಕಿಡಿ ಬಂತು. ತಕ್ಷಣ ಆಫ್ ಮಾಡಿದೆ.

ಮಾರನೇ ದಿನ ಹಳೆಯ ಬ್ರಷ್ ಕೈಯಲ್ಲೇ ಹಿಡಿದುಕೊಂಡು ಹೋದೆ. ಅಂಗಡಿಯವರು ಡಬ್ಬಿಯಿಂದ ನಾಲ್ಕು ಅಳತೆ ತೆಗೆದು ಅದರ ಪಕ್ಕ ಇಟ್ಟು ನೋಡಿ, ಸರಿಯಾದದ್ದು ಕೊಟ್ಟರು. 40 ರೂಪಾಯಿ. ಮಿಕ್ಸಿಯ ಯಾವ ಭಾಗ ತರುವುದಾದರೂ ಹಳೆಯದನ್ನು ಜೊತೆಗೆ ಒಯ್ಯಿರಿ. ವಾಟ್ ಹೇಳಿದರೆ ಅಳತೆ ಸಿಗುವುದಿಲ್ಲ.

ಹೊಸ ಬ್ರಷ್ ಕೂತ ಮೇಲೆ ಜಾರ್ ಇಲ್ಲದೆ ಒಂದನೇ ಸ್ಪೀಡಿನಲ್ಲಿ ಅರ್ಧರ್ಧ ನಿಮಿಷದಂತೆ ಹತ್ತು ಸಲ ಓಡಿಸಿದೆ. ಶುರುವಿನಲ್ಲಿ ಸಣ್ಣ ಕಿಡಿ ಇತ್ತು. ಐದನೇ ಸಲದ ಹೊತ್ತಿಗೆ ನಿಂತಿತು.

3. ಮಾರ್ಚ್ 13: ಕಪ್ಲರ್, ಎರಡನೇ ತಪ್ಪು

ಕಪ್ಲರ್ ಬಿಚ್ಚಲು ಸಾಮಾನ್ಯ ಸ್ಕ್ರೂ ಬಿಚ್ಚುವ ಹಾಗೆ ತಿರುಗಿಸಿದೆ. ಅಲುಗಲಿಲ್ಲ. ಪ್ಲೇಯರ್ ಹಾಕಿ ಬಲವಾಗಿ ತಿರುಗಿಸಿದೆ. ಉಳಿದಿದ್ದ ಒಂದು ಹಲ್ಲೂ ಮುರಿಯಿತು. ಆಮೇಲೆ ಕೂತು ಯೋಚನೆ ಮಾಡಿದಾಗ ಗೊತ್ತಾಯಿತು. ಓಡುವಾಗ ಜಾರಿನ ಭಾರ ಕಪ್ಲರನ್ನು ಮೋಟಾರಿನ ಎದುರು ದಿಕ್ಕಿಗೆ ತಡೆಯುತ್ತದೆ. ಆ ತಡೆಗೆ ಅದು ಬಿಗಿಯಾಗುವಂತೆ ಥ್ರೆಡ್ ಕೊಟ್ಟಿರುತ್ತಾರೆ. ಅಂದರೆ ಮೋಟಾರ್ ಯಾವ ಕಡೆ ತಿರುಗುತ್ತದೋ ಅದೇ ಕಡೆ ತಿರುಗಿಸಿದರೆ ಕಪ್ಲರ್ ಬಿಚ್ಚುತ್ತದೆ. ನಾನು ಬಿಗಿ ಮಾಡುತ್ತಾ ಕೂತಿದ್ದೆ.

ತಳದಲ್ಲಿ ಶಾಫ್ಟಿನ ತುದಿಗೆ ಗೀರು ಇದೆ. ಅದಕ್ಕೆ ಚಪ್ಪಟೆ ಸ್ಕ್ರೂ ಡ್ರೈವರ್ ಕೊಟ್ಟು ನಮ್ಮನೆಯವರು ಅಲುಗದಂತೆ ಹಿಡಿದರು. ನಾನು ಮೇಲಿನಿಂದ ಮೋಟಾರಿನ ದಿಕ್ಕಿಗೇ ತಿರುಗಿಸಿದೆ. ಒಂದೇ ಏಟಿಗೆ ಸಡಿಲವಾಯಿತು. ಹೊಸ ಕಪ್ಲರ್ 70 ರೂಪಾಯಿ.

4. ಮಾರ್ಚ್ 14–15: ಜಾಲರಿ ಬುಟ್ಟಿ, ಎಲ್ಲಕ್ಕಿಂತ ದೊಡ್ಡ ತಪ್ಪು

ಇದನ್ನು ಮಾತ್ರ ದಯವಿಟ್ಟು ಗಮನ ಕೊಟ್ಟು ಓದಿ.

ಜ್ಯೂಸರಿನ ಸ್ಟೀಲ್ ಜಾಲರಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಇತ್ತು. ಸಣ್ಣದಲ್ವಾ, ನಡೆಯುತ್ತದೆ ಅಂದುಕೊಂಡು ಎರಡು ಕ್ಯಾರೆಟ್ ಹಾಕಿ ಓಡಿಸಿದೆ. ಇಡೀ ಯಂತ್ರ ನಡುಗಿತು. ಮೇಜಿನ ಮೇಲಿದ್ದ ಲೋಟ ಜರುಗಿತು. ರಸವನ್ನು ಬಿಳಿ ಪಿಂಗಾಣಿ ಬಟ್ಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದೆ. ಕೇಸರಿ ರಸದ ತಳದಲ್ಲಿ ಅಕ್ಕಿ ನುಚ್ಚಿಗಿಂತ ಸಣ್ಣದೊಂದು ಹೊಳಪು. ಬೆರಳ ತುದಿಗೆ ಒತ್ತಿ ತೆಗೆದರೆ ಸ್ಟೀಲ್ ಚೂರು.

ಅಪ್ಪ ಪಕ್ಕದಲ್ಲೇ ಕೂತು ಕಾಯುತ್ತಿದ್ದರು. ಗಾಯ ಮಾಗುತ್ತಿರುವ ಒಸಡಿನ ಬಾಯಿ. ಬಟ್ಟಲನ್ನು ಸಿಂಕಿಗೆ ಸುರಿದು ಆ ಜಾಲರಿಯನ್ನು ಅಲ್ಲೇ ಬಗ್ಗಿಸಿ ಗುಜರಿ ಚೀಲಕ್ಕೆ ಹಾಕಿದೆ, ಮತ್ತೆ ಯಾರೂ ಬಳಸದ ಹಾಗೆ. ಅಷ್ಟು ವೇಗದಲ್ಲಿ ತಿರುಗುವ ಜಾಲರಿ ಒಡೆದರೆ ಚೂರು ಮುಖಕ್ಕೂ ಹಾರಬಹುದು. ಸೀಳಿದ ಜಾಲರಿಯನ್ನು ಒಂದು ಸಲಕ್ಕೂ ಬಳಸಬೇಡಿ.

ಹೊಸ ಬುಟ್ಟಿ 420 ರೂಪಾಯಿ. ಈ ರಿಪೇರಿಯಲ್ಲಿ ದುಬಾರಿ ಭಾಗ ಇದೇ. ಕೂರಿಸಿದ ಮೇಲೆ ಕೈಯಲ್ಲಿ ತಿರುಗಿಸಿ, ಅಂಚು ಎಲ್ಲೂ ತಾಗದ್ದನ್ನು ನೋಡಿಕೊಂಡು, ಆಮೇಲೆ ಸ್ವಿಚ್ ಹಾಕಿದೆ. ನಡುಕ ಇರಲಿಲ್ಲ.

5. ಮಾರ್ಚ್ 16: ಮೊದಲ ಲೋಟ, ತೂಕ ಹಾಕಿ

ಕ್ಯಾರೆಟ್ ಅರ್ಧ ಕೆ.ಜಿ., 30 ರೂಪಾಯಿ. ತುದಿ ಕತ್ತರಿಸಿ ಹೆರೆದ ಮೇಲೆ 455 ಗ್ರಾಂ. ಎರಡನೇ ಸ್ಪೀಡಿನಲ್ಲಿ ಒತ್ತಿ ಒತ್ತಿ ಹಾಕಿದೆ. ಮೋಟಾರ್ ನಿಂತೇಹೋಯಿತು. ತಳದ ಕೆಂಪು ಗುಂಡಿ ಹೊರಗೆ ಬಂದಿತ್ತು. ಭಾರ ಜಾಸ್ತಿಯಾದರೆ ಮೋಟಾರ್ ಸುಡದಂತೆ ಕಾಯುವ ಗುಂಡಿ ಅದು. ಪ್ಲಗ್ ತೆಗೆದು ಹತ್ತು ನಿಮಿಷ ಆರಲು ಬಿಟ್ಟು ಮತ್ತೆ ಒತ್ತಿದೆ.

ಸಿಕ್ಕ ರಸ 210 ಮಿ.ಲೀ. ಹಿಪ್ಪೆ 220 ಗ್ರಾಂ. ಉಳಿದದ್ದು ಜಾಲರಿಗೂ ಮುಚ್ಚಳಕ್ಕೂ ಅಂಟಿಕೊಂಡಿತ್ತು.

ಮಾರನೇ ದಿನ ಅಷ್ಟೇ ಕ್ಯಾರೆಟ್ಟನ್ನು ಒಂದನೇ ಸ್ಪೀಡಿನಲ್ಲಿ, ಒತ್ತದೆ, ಒಂದು ತುಂಡು ಪೂರ್ತಿ ಅರೆದ ಮೇಲೆ ಇನ್ನೊಂದು ಹಾಕಿದೆ. 240 ಮಿ.ಲೀ. ಬಂತು. ಅವಸರ ಮಾಡದಿದ್ದಕ್ಕೆ 30 ಮಿ.ಲೀ. ಜಾಸ್ತಿ. ಹಿಪ್ಪೆಯನ್ನೇ ಮತ್ತೊಮ್ಮೆ ಹಾಕಿದರೆ ಇನ್ನೊಂದು 25 ಮಿ.ಲೀ. ಬಂತು, ಆದರೆ ಜಾಲರಿ ಕಟ್ಟಿಕೊಂಡಿತು. ಆ ಕೆಲಸ ಮತ್ತೆ ಮಾಡಲಿಲ್ಲ.

ತಟ್ಟೆಯಲ್ಲಿ ಹಿಪ್ಪೆ ಗುಡ್ಡೆ ಹಾಕಿ ಪಕ್ಕಕ್ಕೆ ಲೋಟ ಇಟ್ಟು ನೋಡಿದಾಗ ಮನಸ್ಸಿಗೆ ಸಮಾಧಾನ ಆಗಲಿಲ್ಲ. ದುಡ್ಡು ಕೊಟ್ಟು ತಂದದ್ದರಲ್ಲಿ ಹತ್ತಿರ ಹತ್ತಿರ ಅರ್ಧ ತಟ್ಟೆಯಲ್ಲೇ ಇತ್ತು. ಒಂದು ಹಿಡಿ ತೆಗೆದು ಮೂಸಿದೆ, ಕ್ಯಾರೆಟ್ ವಾಸನೆ ಇನ್ನೂ ಘಮ್ ಅಂತಿತ್ತು. ಹಿಂಡಿದರೆ ಬೆರಳ ಸಂದಿಯಲ್ಲಿ ರಸ ಜಿನುಗಿತು.

6. ಮಾರ್ಚ್ 16–29: ಎರಡು ವಾರ ಜ್ಯೂಸ್

ಬೆಳಿಗ್ಗೆ ತರಕಾರಿ, ಸಂಜೆ ಹಣ್ಣು, ದಿನಕ್ಕೆ ಎರಡು ಲೋಟ. ಏನೇನಾಯಿತು ಅಂತ ಬರೆಯುತ್ತೇನೆ.

ಮೂಸಂಬಿ: ಒಂದು ಕೆ.ಜಿ.ಗೆ ಐದು ಹಣ್ಣು, 80 ರೂಪಾಯಿ. ಸುಲಿದ ಮೇಲೆ 690 ಗ್ರಾಂ, ರಸ 430 ಮಿ.ಲೀ. ಅಂದರೆ ಒಂದು ಲೋಟಕ್ಕೆ ಸುಮಾರು ಮೂರು ಹಣ್ಣು. ಮೂರು ಮೂಸಂಬಿ ಸುಲಿದು ತಿನ್ನಲು ಕೂತರೆ ಎರಡಕ್ಕೇ ಸಾಕು ಅನ್ನಿಸುತ್ತದೆ ಅಲ್ವಾ? ಲೋಟದಲ್ಲಿ ಎರಡು ನಿಮಿಷಕ್ಕೆ ಖಾಲಿ. ಒಂದು ದಿನ ಬೆಳಿಗ್ಗೆ ತೆಗೆದ ರಸವನ್ನು ಸಂಜೆಗೆ ಅಂತ ಫ್ರಿಜ್ಜಿನಲ್ಲಿ ಇಟ್ಟೆ. ಸಂಜೆ ಕಹಿ. ಬೀಜವನ್ನೂ ಬಿಳಿ ಸಿಪ್ಪೆಯನ್ನೂ ಪೂರ್ತಿ ತೆಗೆದಿರಲಿಲ್ಲ. ಮೂಸಂಬಿ ರಸ ಇಟ್ಟಷ್ಟೂ ಕಹಿ ಏರುತ್ತದೆ, ತೆಗೆದ ಕೂಡಲೇ ಕುಡಿಯಬೇಕು. ಆಮೇಲೆ ಕೈಯಲ್ಲಿ ಒತ್ತಿ ತಿರುಗಿಸುವ ಪ್ಲಾಸ್ಟಿಕ್ ಹಿಂಡುಕದಲ್ಲಿ ಅದೇ ಒಂದು ಕೆ.ಜಿ. ಹಿಂಡಿದೆ. 390 ಮಿ.ಲೀ. ಬಂತು, ತೊಳೆಯಲು ಒಂದು ನಿಮಿಷ. ಮೂಸಂಬಿಗೆ ಮೋಟಾರ್ ಬೇಡವೇ ಬೇಡ.

ಬೀಟ್‌ರೂಟ್: 150 ಗ್ರಾಂ ಬೀಟ್‌ರೂಟನ್ನು ಕ್ಯಾರೆಟ್ ಜೊತೆ ಹಾಕಿದೆ. ಅಪ್ಪ ಇಷ್ಟಪಟ್ಟು ಕುಡಿದರು. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರು. "ಮಗಾ, ಮೂತ್ರ ಕೆಂಪಗೆ ಹೋಗ್ತಿದೆ" ಅಂದಾಗ ಅವರ ಕೈ ನಡುಗುತ್ತಿತ್ತು. ಬೀಟ್‌ರೂಟ್ ತಿಂದ ಕೆಲವರಿಗೆ ಹಾಗಾಗುತ್ತದೆ, ಅಪಾಯ ಇಲ್ಲ. ಆದರೆ ಅದನ್ನು ಕುಡಿಸುವ ಮುಂಚೆ ಹೇಳಬೇಕಿತ್ತು. ವಯಸ್ಸಾದವರಿಗೆ ಬೀಟ್‌ರೂಟ್ ಕೊಡುವವರು ಮೊದಲೇ ಹೇಳಿಡಿ. ನಮ್ಮನೆಯವರಿಗೆ ಹಿಂದೊಮ್ಮೆ ಕಿಡ್ನಿ ಕಲ್ಲು ಆಗಿತ್ತು. ಅವರಿಗೆ ಬೀಟ್‌ರೂಟ್, ಪಾಲಕ್ ರಸ ಕೊಡಲೇ ಇಲ್ಲ. ಎರಡರಲ್ಲೂ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಜಾಸ್ತಿ.

ಸೋರೆಕಾಯಿ: ಕತ್ತರಿಸಿದ ತಕ್ಷಣ ಒಂದು ಚೂರು ನಾಲಿಗೆಗೆ ಇಟ್ಟೆ. ಕಹಿ. ಇಡೀ ಕಾಯಿ ಎಸೆದೆ. ಕಹಿ ಸೋರೆಕಾಯಿ ರಸ ವಿಷ. ಅದನ್ನು ಕುಡಿದು ಜೀವ ಹೋದ ಘಟನೆಗಳು ನಮ್ಮ ದೇಶದಲ್ಲೇ ಆಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದಕ್ಕಾಗಿಯೇ ತಜ್ಞರ ಸಮಿತಿ ಮಾಡಿತ್ತು. ರುಚಿ ನೋಡದೆ ಹಿಂಡಬೇಡಿ, ಕಹಿ ಇದ್ದರೆ ಬೇರೆ ರಸ ಬೆರೆಸಿ ಮುಚ್ಚಬೇಡಿ.

ದಾಳಿಂಬೆ: 280 ಗ್ರಾಂನ ಒಂದು ಹಣ್ಣು, 56 ರೂಪಾಯಿ. ಕಾಳು 165 ಗ್ರಾಂ, ರಸ 105 ಮಿ.ಲೀ. ಅರ್ಧ ಲೋಟವೂ ತುಂಬಲಿಲ್ಲ.

ಸೇಬು: ಐದು ನಿಮಿಷಕ್ಕೆ ಕಂದು. ಅರ್ಧ ನಿಂಬೆಹಣ್ಣು ಹಿಂಡಿದರೆ ಬಣ್ಣ ಸ್ವಲ್ಪ ಹೊತ್ತು ನಿಲ್ಲುತ್ತದೆ.

ತೊಳೆಯುವ ಕೆಲಸದ ಬಗ್ಗೆ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಗಡಿಯಾರ ಇಟ್ಟು ನೋಡಿದೆ. ರಸ ತೆಗೆಯಲು 6 ನಿಮಿಷ, ತೊಳೆಯಲು 14 ನಿಮಿಷ. ಬುಟ್ಟಿ, ಮುಚ್ಚಳ, ಒತ್ತುವ ಕೊಳವೆ, ಹಿಪ್ಪೆ ಡಬ್ಬ, ರಸದ ಬಟ್ಟಲು. ಜಾಲರಿಯನ್ನು ಒಳಗಿನಿಂದ ಹೊರಕ್ಕೆ, ಆಮೇಲೆ ಹೊರಗಿನಿಂದ ಒಳಕ್ಕೆ ಟೂತ್ ಬ್ರಷ್ಷಿನಲ್ಲಿ ಉಜ್ಜಬೇಕು. ಒಂದು ದಿನ ಫೋನ್ ಬಂತು ಅಂತ ಒಂದು ಗಂಟೆ ಹಾಗೇ ಬಿಟ್ಟೆ. ಕ್ಯಾರೆಟ್ ನಾರು ರಂಧ್ರಗಳಲ್ಲಿ ಒಣಗಿ ಗಟ್ಟಿಯಾಯಿತು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಸೂಜಿಯಲ್ಲಿ ಒಂದೊಂದೇ ರಂಧ್ರ ಬಿಡಿಸಿದೆ. ಪ್ಲಾಸ್ಟಿಕ್ಕಿಗೆ ಹತ್ತಿದ ಕೇಸರಿ ಕಲೆ ಸೋಪಿಗೆ ಬಿಡಲಿಲ್ಲ, ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಬಿಟ್ಟಿತು.

7. ಹಿಪ್ಪೆ ಉಳಿಸುವ ಪ್ರಯತ್ನ

ಕ್ಯಾರೆಟ್ ಹಿಪ್ಪೆ ಪಲ್ಯ: ಸಪ್ಪೆ, ಬಾಯಲ್ಲಿ ಮರದ ಪುಡಿ ಹಾಗೆ. ಹಲ್ವ: ಸಿಹಿಯೆಲ್ಲ ರಸಕ್ಕೆ ಹೋಗಿತ್ತು, ಸಕ್ಕರೆ ಎರಡರಷ್ಟು ಬೇಕಾಯಿತು. ಅಕ್ಕಿ ರೊಟ್ಟಿ: 300 ಗ್ರಾಂ ಹಿಟ್ಟಿಗೆ 200 ಗ್ರಾಂ ಹಿಪ್ಪೆ ಹಾಕಿದಾಗ ತಟ್ಟುವಾಗಲೇ ಹರಿಯಿತು. 100 ಗ್ರಾಂಗೆ ಇಳಿಸಿ, ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ ಸೊಪ್ಪು ಹಾಕಿದಾಗ ಚೆನ್ನಾಗಿ ಬಂತು. ಮಗಳು ಮೂರು ರೊಟ್ಟಿ ತಿಂದಳು. ಆದರೆ ದಿನವೂ ರೊಟ್ಟಿ ಮಾಡಲು ಆಗುತ್ತದಾ? ಹದಿನಾಲ್ಕು ದಿನದ ಹಿಪ್ಪೆಯಲ್ಲಿ ಮುಕ್ಕಾಲು ಪಾಲು ಗಿಡದ ಬುಡಕ್ಕೆ ಹೋಯಿತು.

8. ಮಾರ್ಚ್ 27–29: ಸಿಕ್ಕಿಹಾಕಿಕೊಂಡದ್ದು

ಅಪ್ಪ ಒಂದು ವಿಷಯ ಹೇಳದೆ ಇಟ್ಟುಕೊಂಡಿದ್ದರು. ನಾಲ್ಕು ದಿನದಿಂದ ಹೊಟ್ಟೆ ಸರಿಯಾಗಿ ಹೋಗಿರಲಿಲ್ಲ. ಮಗಳಾದ ನನ್ನ ಹತ್ತಿರ ಹೇಳಲು ಸಂಕೋಚ. ನಮ್ಮನೆಯವರ ಹತ್ತಿರ ಹೇಳಿದರು. "ಇಷ್ಟೆಲ್ಲ ಹಣ್ಣು ತರಕಾರಿ ಕುಡಿದರೂ ಹೀಗ್ಯಾಕೆ?" ಅಂತ ಕೇಳಿದರಂತೆ.

ಮೆಡಿಕಲ್ ಅಂಗಡಿಗೆ ಹೋಗಿ ಇಸಬ್‌ಗೋಲ್ ತಂದೆ. ಡಬ್ಬಿ ಕೈಯಲ್ಲಿ ಹಿಡಿದು ಮನೆಗೆ ಬರುವಾಗ ಹಿತ್ತಲಲ್ಲಿ ಕರಿಬೇವಿನ ಬುಡದಲ್ಲಿ ಆ ದಿನದ ಕೇಸರಿ ಹಿಪ್ಪೆ ಕಂಡಿತು. ಇಸಬ್‌ಗೋಲ್ ಅಂದರೂ ನಾರೇ. ಬೆಳಿಗ್ಗೆ ಒಂದು ಕೈಯಲ್ಲಿ ನಾರು ಎಸೆದಿದ್ದೆ, ಸಂಜೆ ಇನ್ನೊಂದು ಕೈಯಲ್ಲಿ ದುಡ್ಡು ಕೊಟ್ಟು ನಾರು ತಂದಿದ್ದೆ. ಅಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಅಪ್ಪನ ನಾಲ್ಕು ದಿನದ ಕಷ್ಟಕ್ಕೆ ನಾನೇ ಕಾರಣ ಅನ್ನಿಸಿತು.

ಅಪ್ಪನಿಗೆ ಶುಗರ್ ಗಡಿಯಲ್ಲಿದೆ, ದಿನಕ್ಕೊಂದು ಮಾತ್ರೆ. 27ರಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 118 ಇತ್ತು. 250 ಮಿ.ಲೀ. ಮೂಸಂಬಿ ರಸ ಕೊಟ್ಟು ಒಂದು ಗಂಟೆ ಬಿಟ್ಟು ನೋಡಿದರೆ 201. ಸಕ್ಕರೆ ಒಂದು ಚಮಚವೂ ಹಾಕಿರಲಿಲ್ಲ. ಅವರ ಡಾಕ್ಟರಿಗೆ ಫೋನ್ ಮಾಡಿದೆ. ರಸ ನಿಲ್ಲಿಸಿ, ಹಣ್ಣನ್ನು ಹಣ್ಣಾಗಿಯೇ ಸ್ವಲ್ಪ ಕೊಡಿ, ಹಲ್ಲಿಲ್ಲದಿದ್ದರೆ ಮೆತ್ತಗೆ ಮಾಡಿ ಕೊಡಿ ಅಂದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯೂ ರಸಕ್ಕಿಂತ ಇಡೀ ಹಣ್ಣೇ ಒಳ್ಳೆಯದು ಅನ್ನುತ್ತದೆ. ಕಬ್ಬಿನ ಹಾಲಿನಲ್ಲಿ 100 ಮಿ.ಲೀ.ಗೆ 13ರಿಂದ 15 ಗ್ರಾಂ ಸಕ್ಕರೆ ಇರುತ್ತದೆ ಅಂತಲೂ ಅದರಲ್ಲಿದೆ. ಮನೆಯಲ್ಲಿ ತೆಗೆದ ರಸದ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಇದನ್ನೆಲ್ಲ ಮೊದಲೇ ಓದಿದ್ದರೆ 420 ರೂಪಾಯಿಯ ಜಾಲರಿ ತರುತ್ತಿರಲಿಲ್ಲ.

ಎರಡು ವಾರದ ಹಣ್ಣು ತರಕಾರಿ ಖರ್ಚು 1,640 ರೂಪಾಯಿ. ದಿನಕ್ಕೆ 117.

9. ಮಾರ್ಚ್ 30, ಯುಗಾದಿ: ಬುಟ್ಟಿ ಕೆಳಗಿಟ್ಟಿದ್ದು

ಹಬ್ಬಕ್ಕೆ ಬಾಳೆಹಣ್ಣಿನ ರಸಾಯನ ಮಾಡಿದ್ದೆ. ಏಲಕ್ಕಿ ಬಾಳೆಹಣ್ಣು, ತೆಂಗಿನಕಾಯಿ ಹಾಲು, ಬೆಲ್ಲ, ಏಲಕ್ಕಿ. ಅಪ್ಪನ ಬಟ್ಟಲಿನ ಹಣ್ಣನ್ನು ಸೌಟಿನ ಹಿಂಭಾಗದಲ್ಲಿ ಕಿವುಚಿ, ಬೆಲ್ಲ ಕಡಿಮೆ ಮಾಡಿ ಕೊಟ್ಟೆ. ನಿಧಾನವಾಗಿ ಚಮಚದಲ್ಲಿ ತಿಂದು ಬಟ್ಟಲು ಬಳಿದರು. "ನಿನ್ನಮ್ಮ ಒಂದೆಲಗದ ತಂಬುಳಿ ಮಾಡ್ತಿದ್ದಳಲ್ಲ, ಅದಾದರೆ ನನಗೆ ಹಲ್ಲು ಬೇಡವೇ ಬೇಡ" ಅಂದರು.

ನಮ್ಮ ಮನೆಯಲ್ಲಿ ಸೊಪ್ಪನ್ನು ರುಬ್ಬಿ ಕುಡಿಯುವ ದಾರಿ ಹಿಂದಿನಿಂದಲೂ ಇತ್ತು. ತಂಬುಳಿಯನ್ನು ಅಮ್ಮ ಯಾವತ್ತೂ ಸೋಸಿದ್ದು ನಾನು ನೋಡಿಲ್ಲ. ರುಬ್ಬಿದ್ದೆಲ್ಲ ಮಜ್ಜಿಗೆಗೇ ಸೇರುತ್ತಿತ್ತು. ಮಾರನೇ ದಿನದಿಂದ ಜಾಲರಿ ಬುಟ್ಟಿ ಬಿಟ್ಟು ಜಾರ್ ಹಿಡಿದೆ. ಮೋಟಾರ್ ಅದೇ, ಕಪ್ಲರ್ ಅದೇ. ಹಾಕಿದ್ದಷ್ಟೂ ಲೋಟಕ್ಕೆ.

10. ಮಾರ್ಚ್ 31ರಿಂದ: ರುಬ್ಬುವ ಪ್ರಯೋಗ

ತಂಬುಳಿ: ಒಂದೆಲಗ ಒಂದು ಹಿಡಿ (25 ಗ್ರಾಂ), ತುಪ್ಪದಲ್ಲಿ ಹುರಿದ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಮೂರು ಚಮಚ ಕಾಯಿತುರಿ. ಮೊದಲು ಸ್ವಲ್ಪ ನೀರಿನಲ್ಲಿ ನುಣ್ಣಗೆ ರುಬ್ಬಿ, ಆಮೇಲೆ ಒಂದು ಲೋಟ ಮಜ್ಜಿಗೆಯನ್ನು ಚಮಚದಲ್ಲೇ ಕದಡಬೇಕು. ಮಜ್ಜಿಗೆಯನ್ನೂ ಜಾರಿಗೇ ಹಾಕಿ ಓಡಿಸಿದ್ದಕ್ಕೆ ನೊರೆ ಉಕ್ಕಿ ಮುಚ್ಚಳದಿಂದ ಹೊರಗೆ ಬಂತು.

ಪಪ್ಪಾಯ: 200 ಗ್ರಾಂ ಹಣ್ಣು, 50 ಮಿ.ಲೀ. ನೀರು, 20 ಸೆಕೆಂಡು. ಇಷ್ಟು ಸುಲಭದ ಹಣ್ಣು ಇನ್ನೊಂದಿಲ್ಲ. ಕೆ.ಜಿ.ಗೆ 40 ರೂಪಾಯಿ, ಅಂದರೆ ಲೋಟಕ್ಕೆ ಹತ್ತು ರೂಪಾಯಿ ಒಳಗೆ. ಏಪ್ರಿಲ್ 4ರಂದು ಖಾಲಿ ಹೊಟ್ಟೆ 121, ಇದನ್ನು ತಿಂದು ಒಂದು ಗಂಟೆಗೆ 158. ಹಣ್ಣೂ ಬೇರೆ, ಅಳತೆಯೂ ಬೇರೆ, ಆದ್ದರಿಂದ ಮೂಸಂಬಿ ದಿನದ ಜೊತೆ ಇದನ್ನು ಸರಿಸಮ ಹೋಲಿಸಲು ಆಗದು. ಒಂದೇ ಹಣ್ಣಿನಲ್ಲಿ ಎರಡೂ ನೋಡಬೇಕಿತ್ತು, ಅದು ನನ್ನ ತಪ್ಪು. ಆದರೆ ಒಂದಂತೂ ಕಂಡೆ. ರಸವಾದರೆ ಇನ್ನೊಂದು ಲೋಟ ಕೇಳುತ್ತಿದ್ದ ಅಪ್ಪನಿಗೆ ಇದು ಒಂದೇ ಸಾಕಾಗುತ್ತಿತ್ತು.

ಹಸಿ ಕ್ಯಾರೆಟ್: ಈ 500 ವಾಟ್ ಮೋಟಾರಿಗೆ ನುಣ್ಣಗೆ ಆಗುವುದಿಲ್ಲ. ಮೂರು ಸಲ ಪ್ರಯತ್ನ ಮಾಡಿದೆ, ಮೂರೂ ಸಲ ಮರಳು ಮರಳು. ಅಪ್ಪನ ಒಸಡಿಗೆ ಚುಚ್ಚಿತು. ಕುಕ್ಕರಿನಲ್ಲಿ ಒಂದು ಸೀಟಿ ಬೇಯಿಸಿ, ಆರಿಸಿ, ಬೇಯಿಸಿದ ನೀರಿನ ಜೊತೆಗೇ ರುಬ್ಬಿದೆ. ಬೆಣ್ಣೆ ಹಾಗೆ ಬಂತು. ಉಪ್ಪು, ಕಾಳುಮೆಣಸಿನ ಪುಡಿ, ಅರ್ಧ ಚಮಚ ತುಪ್ಪ. ಬಿಸಿಬಿಸಿ ಇರುವಾಗಲೇ ಜಾರಿಗೆ ಹಾಕಬೇಡಿ, ಹಬೆಗೆ ಮುಚ್ಚಳ ಹಾರುತ್ತದೆ.

ಸೀಬೆಹಣ್ಣು: ಬೀಜದ ಸಮೇತ ರುಬ್ಬಿದೆ. ಒಡೆದ ಬೀಜದ ಚೂರುಗಳು ಮಾಗುತ್ತಿದ್ದ ಒಸಡಿನ ಗುಳಿಯಲ್ಲಿ ಸಿಕ್ಕಿಕೊಂಡು ಅಪ್ಪ ಒಂದು ದಿನ ನರಳಿದರು. ಉಪ್ಪುನೀರಿನಲ್ಲಿ ಹತ್ತು ಸಲ ಬಾಯಿ ಮುಕ್ಕಳಿಸಿದ ಮೇಲೆ ಬಂತು. ಆಮೇಲಿನಿಂದ ಎರಡೆರಡು ಸೆಕೆಂಡಿನಂತೆ ನಾಲ್ಕು ಸಲ ಮಾತ್ರ ತಿರುಗಿಸಿ, ಬೀಜ ಒಡೆಯದಂತೆ, ದಪ್ಪ ರಂಧ್ರದ ಜರಡಿಯಲ್ಲಿ ಸೌಟಿನಿಂದ ತಿಕ್ಕಿ ತೆಗೆದೆ. ತಿರುಳೆಲ್ಲ ಕೆಳಗೆ, ಬೀಜ ಮಾತ್ರ ಮೇಲೆ. ಹಲ್ಲು ತೆಗೆಸಿದವರಿಗೆ ಸಣ್ಣ ಬೀಜದ ಹಣ್ಣು ಕೊಡುವಾಗ ಈ ಎಚ್ಚರ ಬೇಕೇ ಬೇಕು.

ಜಾರಿಗೆ ಹಾಕುವ ಕ್ರಮ: ತಳಕ್ಕೆ ನೀರು ಮತ್ತು ಮೆತ್ತಗಿನ ಹಣ್ಣು, ಮೇಲೆ ಗಟ್ಟಿಯದು. ಉಲ್ಟಾ ಹಾಕಿದರೆ ಬ್ಲೇಡ್ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಮಾಡಲು 3 ನಿಮಿಷ, ತೊಳೆಯಲು 2 ನಿಮಿಷ.

11. ಏಪ್ರಿಲ್ 6: ಜಾರ್ ಸೋರಿದ್ದು

ದೊಡ್ಡ ಜಾರಿನ ತಳದಿಂದ ಹನಿ ಹನಿಯಾಗಿ ಕೆಳಗಿಳಿದು ಹೊಸ ಕಪ್ಲರಿನ ಮೇಲೆ ಬಿತ್ತು. ಹಾಗೇ ಬಿಟ್ಟರೆ ಮತ್ತೆ ಮೋಟಾರಿಗೆ ಇಳಿಯುತ್ತದೆ, ಮೊದಲ ಸಲ ಹಾಳಾದದ್ದೂ ಹೀಗೇ ಇರಬೇಕು. ಬ್ಲೇಡನ್ನು ಹಿಡಿದು ಅಲುಗಿಸಿದರೆ ಅತ್ತಿತ್ತ ಆಡುತ್ತಿತ್ತು. ಬ್ಲೇಡಿನ ದಂಡವನ್ನು ಹಿಡಿದಿಡುವ ಬುಷ್ ಸವೆದಿತ್ತು. ಮೊದಲು 20 ರೂಪಾಯಿಯ ವಾಷರ್ ಮಾತ್ರ ಬದಲಿಸಿದೆ. ಎರಡು ದಿನಕ್ಕೆ ಮತ್ತೆ ಸೋರಿತು. ಆಡುವ ಬುಷ್ಷಿಗೆ ಹೊಸ ವಾಷರ್ ಹಾಕಿ ಪ್ರಯೋಜನ ಇಲ್ಲ. ಹಳೆಯ ಜಾರನ್ನೇ ಅಂಗಡಿಗೆ ಒಯ್ದು ಬುಷ್, ಬ್ಲೇಡ್, ವಾಷರ್ ಪೂರ್ತಿ ಸೆಟ್ಟು 130 ರೂಪಾಯಿಗೆ ತಂದೆ. ಕೂರಿಸಿ, ಜಾರಿಗೆ ನೀರು ತುಂಬಿ ಹಳೆ ಪೇಪರಿನ ಮೇಲೆ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಪೇಪರ್ ಒಣಗಿಯೇ ಇತ್ತು.

ರಿಪೇರಿ ಲೆಕ್ಕ: ತಪ್ಪು ಬ್ರಷ್ 30, ಸರಿ ಬ್ರಷ್ 40, ಕಪ್ಲರ್ 70, ಜಾಲರಿ 420, ವಾಷರ್ 20, ಬುಷ್ ಸೆಟ್ಟು 130. ಒಟ್ಟು 710 ರೂಪಾಯಿ. ಜಾಲರಿ ಮತ್ತು ಎರಡು ತಪ್ಪು ಖರೀದಿ ಬಿಟ್ಟರೆ ಬೇಕಾಗಿದ್ದದ್ದು 240 ಮಾತ್ರ.

12. ಏಪ್ರಿಲ್ 14: ಎರಡು ವಾರದ ನಂತರ

ರುಬ್ಬಿದ ಹದಿನೈದು ದಿನಕ್ಕೆ ಹಣ್ಣು ತರಕಾರಿ ಖರ್ಚು 690 ರೂಪಾಯಿ. ಇಸಬ್‌ಗೋಲ್ ಡಬ್ಬಿ ಅರ್ಧಕ್ಕೇ ನಿಂತಿದೆ. ಆರನೇ ದಿನದಿಂದ ಅಪ್ಪನಿಗೆ ಅದು ಬೇಕಾಗಲಿಲ್ಲ.

ಯಾರಾದರೂ ಜ್ಯೂಸರ್ ತಗೊಳ್ಳಲಾ ಅಂತ ಕೇಳಿದರೆ ಬೇಡ ಅನ್ನುತ್ತೇನೆ. ಮನೆಯಲ್ಲಿರುವ ಮಿಕ್ಸಿ ಸಾಕು, ಅದೂ ಅಗಿಯಲು ಆಗದವರಿಗೆ. ನನಗೂ ಮಗಳಿಗೂ ಹಲ್ಲು ಗಟ್ಟಿ ಇವೆ. ನಾವು ಸೌತೆಕಾಯಿ ಕೋಸಂಬರಿಯನ್ನು ಕೋಸಂಬರಿಯಾಗಿಯೇ ತಿನ್ನುತ್ತೇವೆ. ಅವಳೂ ಮಾರ್ಚ್‌ನಲ್ಲಿ ದಿನಕ್ಕೊಂದು ಲೋಟ ರಸ ಕುಡಿದು, ಮಧ್ಯಾಹ್ನದ ಪಲ್ಯ ಬೇಡ ಅನ್ನಲು ಶುರು ಮಾಡಿದ್ದಳು. ಅದನ್ನು ಬಿಡಿಸಲು ಒಂದು ವಾರ ಬೇಕಾಯಿತು.

13. ಮೇ 11

ಸೆಟ್ಟು ಬಂತು. ಮೊದಲ ಎರಡು ದಿನ ಒಸಡು ಉಜ್ಜುತ್ತದೆ, ಮೆತ್ತಗಿನದ್ದೇ ತಿನ್ನಿ ಅಂತ ಹೇಳಿ ಕಳಿಸಿದ್ದಾರೆ. ಬೆಳಿಗ್ಗೆ ಎಂದಿನಂತೆ ಪಪ್ಪಾಯ ಕತ್ತರಿಸಿ ಜಾರಿಗೆ ಹಾಕಲು ಹೋದೆ. ಅಪ್ಪ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಇವತ್ತು ತಟ್ಟೆಗೇ ಹಾಕು ಮಗಾ" ಅಂದರು. ಸಣ್ಣ ಸಣ್ಣ ಹೋಳು ಮಾಡಿ, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಕೊಟ್ಟೆ. 150 ಗ್ರಾಂ ತಿನ್ನಲು 22 ನಿಮಿಷ ತೆಗೆದುಕೊಂಡರು. ನಾನು ಎದುರಿಗೇ ಕೂತಿದ್ದೆ.